ಕುಚ್ಚು ಕಟ್ಟುವ ಅಕ್ಕನಿಗೆ ಕೂರಲಾಗದಿದ್ದಾಗ: ಒಂದು ಪ್ರಕರಣ ಅಧ್ಯಯನ

ಸರ್ಕಾರಿ ಆಸ್ಪತ್ರೆಯೊಂದರ ಮನೋರೋಗ ವಾರ್ಡಿನಲ್ಲಿ ನಾನು ನರ್ಸ್ ಆಗಿ 12 ವರ್ಷ ಆಯಿತು. ಇಲ್ಲಿ ಬರೆಯುತ್ತಿರುವುದು ಒಬ್ಬ ಹೆಣ್ಣುಮಗಳು ವಾರ್ಡಿನಲ್ಲಿ ಕಳೆದ 17 ದಿನಗಳ ಬಗ್ಗೆ, ಆಮೇಲಿನ ಎಂಟು ತಿಂಗಳ ಬಗ್ಗೆ. ಅವರ ಹೆಸರು, ಊರು ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ವಾರ್ಡಿನಲ್ಲಿ ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ.

ಅಕ್ಕನಿಗೆ 34 ವರ್ಷ. ಗಂಡ ಆಟೋ ಓಡಿಸುತ್ತಾರೆ. ಮಗಳು ಆರನೇ ಕ್ಲಾಸು. ಮನೆಯಲ್ಲಿ ಅತ್ತೆ ಇದ್ದಾರೆ. ಅಕ್ಕ ಸೀರೆಗೆ ಕುಚ್ಚು ಕಟ್ಟುತ್ತಾರೆ, ಫಾಲ್ಸ್ ಹಾಕುತ್ತಾರೆ. ಆ ಬೀದಿಯ ಮದುವೆ ಸೀರೆಗಳೆಲ್ಲ ಇವರ ಮನೆಗೇ ಬರುತ್ತಿದ್ದವು. ಒಂದು ಸೀರೆಯ ಸೆರಗಿಗೆ ಕುಚ್ಚು ಕಟ್ಟಬೇಕಾದರೆ ಚಕ್ಕಳಮಕ್ಕಳ ಹಾಕಿ, ಸೆರಗನ್ನು ಮಂಡಿಯ ಮೇಲೆ ಹಾಸಿಕೊಂಡು, ಗಂಟೆಗಟ್ಟಲೆ ಒಂದೇ ಕಡೆ ಕೂರಬೇಕು. ಈ ಕೂರುವ ವಿಷಯ ನೆನಪಿಟ್ಟುಕೊಳ್ಳಿ. ಇಡೀ ಪ್ರಕರಣ ಅದರ ಮೇಲೇ ನಿಂತಿದೆ.

ಎರಡು ವರ್ಷದ ಹಿಂದೆ ಮೊದಲ ಸಲ ಕಾಯಿಲೆ ಬಂದಿತ್ತು. ಯಾರೂ ಇಲ್ಲದಾಗ ಇಬ್ಬರು ಹೆಂಗಸರು ತನ್ನ ಬಗ್ಗೆ ಮಾತಾಡಿಕೊಳ್ಳುವುದು ಕೇಳಿಸುತ್ತಿತ್ತು. ಬೇರೆ ಕಡೆ ತೋರಿಸಿದ್ದರು. ಸ್ಕಿಜೋಫ್ರೇನಿಯಾ ಎಂದು ಹೇಳಿ ಮಾತ್ರೆ ಕೊಟ್ಟರು. ಒಂದು ತಿಂಗಳಲ್ಲಿ ಧ್ವನಿ ಕಡಿಮೆಯಾಯಿತು. ಮೂರನೇ ತಿಂಗಳು ಅಕ್ಕ ಮಾತ್ರೆ ಬಿಟ್ಟರು. ಹಳೇ ಚೀಟಿಯಲ್ಲಿ ಅದಕ್ಕೆ ಒಂದೇ ಸಾಲು: ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ. ಗಂಡ ಹೇಳಿದ್ದೂ ಅದೇ, "ಹಠ ಮೇಡಂ, ಬರೀ ಹಠ." ಯಾಕೆ ಬಿಟ್ಟರು ಅಂತ ಯಾರೂ ಕೇಳಿರಲಿಲ್ಲ.

ಬಂದ ರಾತ್ರಿ

ಆಟೋದಲ್ಲಿ ಎರಡೂ ಕೈಗೆ ಟವೆಲ್ ಬಿಗಿದು ಕರೆತಂದಿದ್ದರು. ಐದು ರಾತ್ರಿಯಿಂದ ನಿದ್ದೆ ಇಲ್ಲ. ಮೂರು ದಿನದಿಂದ ಊಟ ಇಲ್ಲ. ಪಕ್ಕದ ಮನೆಯವರು ಅನ್ನಕ್ಕೆ ವಿಷ ಹಾಕುತ್ತಿದ್ದಾರೆ, ಅತ್ತೆಯೂ ಅವರ ಜೊತೆ ಸೇರಿದ್ದಾರೆ ಎಂಬ ಗಟ್ಟಿ ನಂಬಿಕೆ. ನಾನು ಮೊದಲು ಟವೆಲ್ ಬಿಚ್ಚಿದೆ. ಮಣಿಕಟ್ಟಿನ ಚರ್ಮ ಕೆಂಪಗೆ ತರಚಿತ್ತು. ಅದಕ್ಕೆ ಡ್ರೆಸಿಂಗ್ ಮಾಡುತ್ತಾ ಮಾಡುತ್ತಾ ಮಾತು ಶುರು ಮಾಡಿದೆ. ಕೈ ಬಿಚ್ಚಿದವರನ್ನು ಜನ ಸ್ವಲ್ಪ ನಂಬುತ್ತಾರೆ. ಆ ರಾತ್ರಿ ನನಗೆ ಬೇಕಿದ್ದದ್ದು ಅಷ್ಟೇ ನಂಬಿಕೆ.

"ನಿಮಗೆ ಕೇಳಿಸ್ತಿದೆಯಾ ಅವರ ಮಾತು?" ಅಂತ ಅಕ್ಕ ಕೇಳಿದರು.

ಇಂಥ ಪ್ರಶ್ನೆಗೆ ಹೌದು ಅನ್ನಬಾರದು, ಅದು ಸುಳ್ಳು. ಎಲ್ಲಾ ನಿನ್ನ ಭ್ರಮೆ ಅಂತಲೂ ಅನ್ನಬಾರದು, ಅದು ಜಗಳ. "ನನಗೆ ಕೇಳಿಸ್ತಿಲ್ಲ ಅಕ್ಕ. ನಿಮಗೆ ಕೇಳಿಸ್ತಿದೆ ಅಂತ ನಂಬ್ತೀನಿ. ಕೇಳಿದಾಗ ತುಂಬಾ ಭಯ ಆಗುತ್ತೆ ಅಲ್ವಾ?" ಅಂದೆ. ಅಕ್ಕ ತಲೆ ಆಡಿಸಿದರು. ಮುಂದಿನ ಪ್ರಶ್ನೆ ಕಡ್ಡಾಯ: "ಏನಾದ್ರೂ ಮಾಡು ಅಂತ ಅವರು ಹೇಳ್ತಾರಾ? ಸಾಯಿ, ಯಾರಿಗಾದ್ರೂ ಹೊಡಿ ಅಂತ?" ಇಲ್ಲ, ಬರೀ ಬೈಯುತ್ತಾರೆ, ಕುಚ್ಚು ಕಟ್ಟುವಾಗ ಗಂಟು ಎಣಿಸುತ್ತಾ ಆಡಿಕೊಳ್ಳುತ್ತಾರೆ ಅಂದರು. ಈ ಉತ್ತರದ ಮೇಲೆ ಯಾವ ಮಂಚ, ಎಷ್ಟು ನಿಗಾ ಎಂಬುದು ನಿರ್ಧಾರವಾಗುತ್ತದೆ.

ದಾಖಲಾತಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಆಯಿತು. ರೋಗಿ ತಾನೇ ನಿರ್ಧಾರ ಮಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ, ರೋಗಿಯ ಪರವಾಗಿ ಮಾತಾಡುವ ಪ್ರತಿನಿಧಿಯ ಅರ್ಜಿ ಮೇಲೆ, ಮನೋವೈದ್ಯರೂ ಸೇರಿ ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಿ, 30 ದಿನದವರೆಗೆ ಇರಿಸಿಕೊಳ್ಳಬಹುದು. ಹತ್ತನೇ ದಿನದ ಹೊತ್ತಿಗೆ ಅಕ್ಕ ತಾವೇ ಓದಿ, ತಾವೇ ಸಹಿ ಮಾಡಿ, ಸ್ವಂತ ಇಚ್ಛೆಯಿಂದ ಉಳಿದುಕೊಂಡರು.

ಆ ರಾತ್ರಿ ಕೆರಳಿದ ಮನಸ್ಸನ್ನು ಇಳಿಸುವ ಹಾಲೊಪೆರಿಡಾಲ್ ಮತ್ತು ನಿದ್ದೆ ತರಿಸುವ ಪ್ರೊಮೆಥಜಿನ್ ಇಂಜೆಕ್ಷನ್ ಕೊಟ್ಟೆವು. ಐದು ದಿನದ ನಂತರ ಮೊದಲ ಬಾರಿ ಆರು ಗಂಟೆ ಮಲಗಿದರು.

ಸಿಪ್ಪೆ ಇರುವ ಊಟ

ಬೆಳಿಗ್ಗೆ ಉಪ್ಪಿಟ್ಟು ಕೊಟ್ಟರೆ ತಟ್ಟೆ ಹಾಗೇ ವಾಪಸ್ ಬಂತು. ವಿಷ ಹಾಕಿದ್ದಾರೆ ಅನ್ನುವವರಿಗೆ "ನೋಡಿ, ನಾನೇ ತಿಂದು ತೋರಿಸ್ತೀನಿ" ಅಂದರೂ ಕೆಲವೊಮ್ಮೆ ಉಪಯೋಗ ಇಲ್ಲ. ತಿಂದ ಭಾಗದಲ್ಲಿ ಇಲ್ಲ, ಈ ಭಾಗದಲ್ಲಿದೆ ಅಂತಾರೆ. ಅದಕ್ಕೇ ನಾನು ಬಾಳೆಹಣ್ಣು ಕೊಟ್ಟೆ. ಸಿಪ್ಪೆ ಅವರೇ ಸುಲಿಯಬೇಕು. ಆಮೇಲೆ ಬೇಯಿಸಿದ ಮೊಟ್ಟೆ, ಓಡು ಸಮೇತ. ಸೀಲ್ ಒಡೆಯದ ಬಿಸ್ಕತ್ ಪ್ಯಾಕೆಟ್. ಮಧ್ಯಾಹ್ನ ಆಸ್ಪತ್ರೆ ಗೇಟಿನ ಹೊರಗಿನ ಎಳನೀರಿನವರನ್ನು ಒಳಗೆ ಕರೆಸಿ ಅಕ್ಕನ ಕಣ್ಣೆದುರೇ ಕೊಚ್ಚಿಸಿದೆ. ಅಕ್ಕ ಎಳನೀರನ್ನು ಎತ್ತಿ ತಿರುಗಿಸಿ ಎಲ್ಲಾ ಕಡೆ ನೋಡಿದರು, ತೂತು ಇದೆಯಾ ಅಂತ. ಇಲ್ಲ ಅನ್ನಿಸಿದ ಮೇಲೆ ಒಂದೇ ಉಸಿರಿಗೆ ಕುಡಿದರು. ಎರಡನೇ ದಿನ ಎಲ್ಲರಿಗೂ ಬಡಿಸುವ ಪಾತ್ರೆಯಿಂದ ತಾವೇ ಅನ್ನ ಹಾಕಿಕೊಂಡರು. ಕುಡಿದದ್ದು ಎಷ್ಟು, ಮೂತ್ರ ಎಷ್ಟು ಎಂದು ನಾನು ಬರೆದಿಡುತ್ತಿದ್ದೆ.

ಗಂಡ ಆ ಹೊತ್ತಿಗೆ ಮೆಲ್ಲಗೆ ಕೇಳಿದರು, "ಮೇಡಂ, ಕರೆಂಟ್ ಕೊಡ್ತಾರಾ?" ಈ ಭಯ ಬಹಳ ಮನೆಗಳಲ್ಲಿದೆ. ಅವರನ್ನು ಕೂರಿಸಿ ಹೇಳಿದೆ. ಮಿದುಳಿಗೆ ಕರೆಂಟ್ ಹಾಯಿಸುವ ಈ ಚಿಕಿತ್ಸೆ 1938ರಲ್ಲಿ ರೋಮ್‌ನಲ್ಲಿ ಶುರುವಾದದ್ದು. ಸಿನಿಮಾದಲ್ಲಿ ತೋರಿಸುವ ಹಾಗೆ ಎಚ್ಚರ ಇರುವವರಿಗೆ ಕೊಡುವುದಿಲ್ಲ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಕೊಡುವುದನ್ನು ಕಾಯ್ದೆಯೇ ನಿಷೇಧಿಸಿದೆ. ಊಟ ನೀರು ಪೂರ್ತಿ ಬಿಟ್ಟವರಿಗೆ, ಸಾಯಲು ಹೊರಟವರಿಗೆ ಅದು ಬೇಗ ಕೆಲಸ ಮಾಡುತ್ತದೆ, ಜೀವ ಉಳಿಸುತ್ತದೆ. ಅಕ್ಕ ತಿನ್ನಲು ಶುರು ಮಾಡಿದ್ದರಿಂದ ಅದರ ಅಗತ್ಯ ಬರಲಿಲ್ಲ.

ಅತ್ತೆ ಮೂರನೇ ದಿನ ತಾಯತ ತಂದರು. ಗಾಳಿ ಸೋಕಿದೆ ಎಂಬುದು ಅವರ ನಂಬಿಕೆ. ಕಟ್ಟಿ ಅಮ್ಮ, ಜೊತೆಗೆ ಮಾತ್ರೆಯೂ ಇರಲಿ ಅಂದೆ. ದಾರ ಕತ್ತಿಗೆ ಬೇಡ, ತೋಳಿಗಿರಲಿ ಅಂತ ಮಾತ್ರ ಕೇಳಿಕೊಂಡೆ. ತಾಯತಕ್ಕೆ ನಗುವ ನರ್ಸ್ ಮಾತನ್ನು ಆ ಮನೆಯವರು ಮತ್ತೆ ಕೇಳುವುದಿಲ್ಲ. ಮುಂದೆ ನನಗೆ ಅತಿ ಹೆಚ್ಚು ನೆರವಾದವರು ಇದೇ ಅತ್ತೆ.

ಆರನೇ ದಿನ, ನನ್ನದೂ ತಪ್ಪು

ಧ್ವನಿ, ಅನುಮಾನ ಇಳಿಸುವ ರಿಸ್ಪೆರಿಡೋನ್ ಮಾತ್ರೆ 2 ಮಿ.ಗ್ರಾಂನಿಂದ ಶುರುವಾಗಿ 4ಕ್ಕೆ, ಐದನೇ ದಿನ 6ಕ್ಕೆ ಹೋಗಿತ್ತು. ಧ್ವನಿ ಕಡಿಮೆಯಾಗುತ್ತಾ ಬಂತು. ಅಕ್ಕ ತಲೆ ಬಾಚಿಕೊಂಡರು, ಮಗಳ ಬಗ್ಗೆ ಕೇಳಿದರು.

ಆರನೇ ದಿನ ಸಂಜೆಯಿಂದ ಕಾರಿಡಾರಿನಲ್ಲಿ ಓಡಾಟ ಶುರುವಾಯಿತು. ಈ ತುದಿಯಿಂದ ಆ ತುದಿಗೆ, ಮತ್ತೆ ವಾಪಸ್. ಊಟಕ್ಕೆ ಕೂತು ಎರಡು ತುತ್ತಿಗೆ ಎದ್ದರು. ಕೂರಿ ಅಂದರೆ ರೇಗಿದರು. ಗಂಡ ಹೇಳಿದರು, "ಮತ್ತೆ ಜಾಸ್ತಿ ಆಯ್ತು ನೋಡಿ." ನಾನು ನೋಟ್ಸ್‌ನಲ್ಲಿ ಬರೆದೆ: ರೋಗಿ ಉದ್ವಿಗ್ನ, ಮಾತು ಕೇಳುತ್ತಿಲ್ಲ. ರಾತ್ರಿ ಪಾಳಿಯ ಡಾಕ್ಟರು ನನ್ನ ಆ ಸಾಲು ಓದಿ ಇನ್ನೊಂದು ಹಾಲೊಪೆರಿಡಾಲ್ ಇಂಜೆಕ್ಷನ್ ಬರೆದರು. ಅವರು ಓದಿದ್ದು ನನ್ನ ಕಣ್ಣಿನಿಂದ. ನಾನು ಅರ್ಧ ನೋಡಿದ್ದೆ. ಅಕ್ಕ ಮೂರು ಗಂಟೆ ಮಲಗಿದರು. ಬೆಳಿಗ್ಗೆ ಓಡಾಟ ದುಪ್ಪಟ್ಟು.

ಏಳನೇ ದಿನ ಮಧ್ಯಾಹ್ನದ ಪಾಳಿಗೆ ಬಂದಾಗ ಒಂದು ವಿಷಯ ನನ್ನನ್ನು ತಡೆದು ನಿಲ್ಲಿಸಿತು. ಅಕ್ಕ ಕಿಟಕಿ ಹತ್ತಿರ ನಿಂತು ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ಮಾತು ಸರಿಯಾಗಿಯೇ ಇತ್ತು. ಹೋಂವರ್ಕ್ ಮಾಡಿದ್ಯಾ, ಅಜ್ಜಿಗೆ ತೊಂದರೆ ಕೊಡಬೇಡ. ಆದರೆ ಕಾಲು ಮಾತ್ರ ನಿಂತಿರಲಿಲ್ಲ. ಭಾರ ಎಡಗಾಲಿಗೆ, ಬಲಗಾಲಿಗೆ, ಮತ್ತೆ ಎಡಕ್ಕೆ. ನಿಂತಲ್ಲೇ ನಡೆಯುತ್ತಿದ್ದರು. ಮನಸ್ಸು ಕೆಟ್ಟು ಓಡಾಡುವವರ ಮಾತೂ ಬಹಳ ಸಲ ಚದುರಿರುತ್ತದೆ. ಇಲ್ಲಿ ಮಾತು ನೆಟ್ಟಗಿದೆ, ಕಾಲು ಮಾತ್ರ ಇಲ್ಲ.

ಪಕ್ಕದಲ್ಲಿ ನಿಂತು ಕೇಳಿದೆ. "ಅಕ್ಕ, ಚಡಪಡಿಕೆ ಮನಸ್ಸಲ್ಲಾ, ಕಾಲಲ್ಲಾ?"

ಅಕ್ಕ ನನ್ನ ಮುಖ ನೋಡಿದರು. "ಕಾಲಲ್ಲಿ ಸಿಸ್ಟ್ರೇ. ಮೂಳೆ ಒಳಗೆ ಇರುವೆ ಹರಿದಂಗೆ. ನಡೆದ್ರೆ ಸ್ವಲ್ಪ ವಾಸಿ. ಕೂತ್ರೆ ಚೀರ್ಬೇಕು ಅನ್ಸುತ್ತೆ."

ಇದಕ್ಕೆ ಅಕಥೀಸಿಯಾ ಎಂದು ಹೆಸರು. ಗ್ರೀಕ್ ಮೂಲದ ಪದ, ಕೂರಲಾಗದಿರುವುದು ಎಂದೇ ಅರ್ಥ. ರಿಸ್ಪೆರಿಡೋನ್, ಹಾಲೊಪೆರಿಡಾಲ್‌ನಂಥ ನಮ್ಮ ಔಷಧಿಗಳು ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೆಲಸ ತಡೆಯುತ್ತವೆ. ಅದರಿಂದಲೇ ಧ್ವನಿ, ಅನುಮಾನ ಇಳಿಯುತ್ತವೆ. ಅದೇ ಡೋಪಮಿನ್ ಚಲನೆಗೂ ಬೇಕು. ಅಲ್ಲಿ ತಡೆ ಜಾಸ್ತಿ ಆದರೆ ಕೆಲವರಿಗೆ ಕೈ ನಡುಗುತ್ತದೆ, ಕೆಲವರಿಗೆ ಕತ್ತು ಸೊಟ್ಟಗೆ ಎಳೆಯುತ್ತದೆ, ಕೆಲವರಿಗೆ ಹೀಗೆ ಕಾಲು ಕೂರಗೊಡುವುದಿಲ್ಲ. ಡೋಸ್ ಬೇಗ ಏರಿಸಿದಾಗ ಇದು ಹೆಚ್ಚು. ನೋಡುವವರ ಕಣ್ಣಿಗೆ ಕಾಯಿಲೆಯೇ ಕೆರಳಿದಂತೆ ಕಾಣುತ್ತದೆ. ಆಗ ಡೋಸ್ ಏರುತ್ತದೆ, ಚಡಪಡಿಕೆ ಇನ್ನೂ ಏರುತ್ತದೆ. ನಾವು ಹಿಂದಿನ ರಾತ್ರಿ ಮಾಡಿದ್ದು ಸರಿಯಾಗಿ ಅದನ್ನೇ.

ಇದನ್ನು ಅಳೆಯಲು ಬಾರ್ನ್ಸ್ ಎಂಬ ವೈದ್ಯರು 1989ರಲ್ಲಿ ಕೊಟ್ಟ ಒಂದು ಸರಳ ಕ್ರಮ ಇದೆ. ಯಾವ ಯಂತ್ರವೂ ಬೇಡ, ಗಡಿಯಾರ ಸಾಕು. ಕೂರಿಸಿ ಕನಿಷ್ಠ ಎರಡು ನಿಮಿಷ ನೋಡಬೇಕು, ನಿಲ್ಲಿಸಿ ಎರಡು ನಿಮಿಷ ನೋಡಬೇಕು, ಆಮೇಲೆ ಒಳಗೆ ಹೇಗನ್ನಿಸುತ್ತದೆ, ಎಷ್ಟು ಹಿಂಸೆ ಎಂದು ಕೇಳಬೇಕು. ನಾನು ಸ್ಟೂಲ್ ಮೇಲೆ ಕೂರಿಸಿ ಗಡಿಯಾರ ನೋಡಿದೆ. 40 ಸೆಕೆಂಡಿಗೆ ಎದ್ದುಬಿಟ್ಟರು. ಇನ್ನೊಂದು ಪ್ರಯತ್ನ ಮಾಡಿದೆ. ವಾರ್ಡಿನ ಹಳೇ ಟವೆಲ್ಲಿನ ಅಂಚಿನಿಂದ ಎಳೆ ಬಿಡಿಸಿ ಕೈಗೆ ಕೊಟ್ಟು, ಕುಚ್ಚು ಕಟ್ಟಿ ತೋರಿಸಿ ಅಂದೆ. ಕತ್ತರಿ ಕೊಡುವಂತಿಲ್ಲ, ದಾರ ನಾನೇ ಕತ್ತರಿಸಿಕೊಟ್ಟೆ. ಎಷ್ಟು ವರ್ಷದ ಕೈ ಅದು! ಬೆರಳು ತಾವಾಗಿ ಗಂಟು ಹಾಕಲು ಹೊರಟವು. ಒಂದು ಗಂಟು ಆಗುವಷ್ಟರಲ್ಲಿ ಮಂಡಿ ಅಲುಗಾಡಿ ಎಳೆ ಜಾರಿತು. ಅಕ್ಕ ಅತ್ತುಬಿಟ್ಟರು.

"ಆವಾಗಲೂ ಹಿಂಗೇ ಆಗಿದ್ದು ಸಿಸ್ಟ್ರೇ. ಅದಕ್ಕೇ ಮಾತ್ರೆ ಬಿಟ್ಟಿದ್ದು. ಒಂದು ಸೀರೆ ಮುಗ್ಸೋಕೆ ಆಗ್ತಿರ್ಲಿಲ್ಲ. ಯಾರಿಗೆ ಹೇಳ್ಲಿ, ಹುಚ್ಚಿಗೆ ಕಾಲು ನೋವು ಅಂದ್ರೆ ನಗಲ್ವಾ?"

ಎರಡು ವರ್ಷ "ಹಠ" ಎಂದು ಎಲ್ಲರೂ ಕರೆದದ್ದು ಇದು. ಧ್ವನಿ ಕೇಳಿಸುವುದಕ್ಕಿಂತ ಕೂರಲಾಗದ್ದು ದೊಡ್ಡ ನಷ್ಟ ಎಂದು ಆ ಹೆಣ್ಣುಮಗಳು ಲೆಕ್ಕ ಹಾಕಿದ್ದರು. ಅನ್ನ ಬರುತ್ತಿದ್ದದ್ದು ಕೂತರೆ ಮಾತ್ರ. ನಾನು ಅವರ ಜಾಗದಲ್ಲಿದ್ದರೆ ನಾನೂ ಬಿಡುತ್ತಿದ್ದೆನೇನೋ.

ಇನ್ನೊಂದು ಪ್ರಶ್ನೆ ಬಾಕಿ ಇತ್ತು. ಅಕಥೀಸಿಯಾ ತಡೆಯಲಾಗದೆ ಪ್ರಾಣ ಕಳೆದುಕೊಳ್ಳುವ ಯೋಚನೆ ಬರುವವರಿದ್ದಾರೆ. ನೇರವಾಗಿ ಕೇಳಿದೆ, ಸಾಯಬೇಕು ಅನ್ಸುತ್ತಾ ಅಂತ. ಕೇಳಿದರೆ ಆ ಯೋಚನೆ ಹುಟ್ಟಿಸಿದಂತೆ ಎಂದು ಬಹಳ ಜನ ಹೆದರುತ್ತಾರೆ, ಹಾಗಾಗುವುದಿಲ್ಲ. "ಈ ಕಾಲು ಹಿಂಗೇ ಇದ್ರೆ ಬೇಡ ಅನ್ಸುತ್ತೆ" ಅಂದರು. ಆ ರಾತ್ರಿ ಅವರ ಮಂಚವನ್ನು ನರ್ಸ್ ಟೇಬಲ್ ಎದುರಿಗೆ ತಂದೆವು. ಅತ್ತೆಯನ್ನು ಪಕ್ಕದಲ್ಲೇ ಇರಲು ಹೇಳಿದೆ.

ನನ್ನ ಹಿಂದಿನ ಸಾಲಿನ ಕೆಳಗೆ ಹೊಸದಾಗಿ ಬರೆದೆ: ಮಾತು ಸಂಬದ್ಧ, ಧ್ವನಿ ಕಡಿಮೆ, ಕಾಲಿನಲ್ಲಿ ತಡೆಯಲಾಗದ ಚಡಪಡಿಕೆ, ನಡೆದರೆ ಕಡಿಮೆ, ಕೂತಿದ್ದು 40 ಸೆಕೆಂಡು, ಡೋಸ್ ಏರಿಸಿದ ಮರುದಿನ ಶುರು. ಮನೋವೈದ್ಯರಿಗೆ ಫೋನ್ ಮಾಡಿ ಇದೇ ಸಾಲು ಓದಿದೆ. ಅವರು ಬಂದು ನೋಡಿ ರಿಸ್ಪೆರಿಡೋನ್ 3ಕ್ಕೆ ಇಳಿಸಿದರು, ಹಾಲೊಪೆರಿಡಾಲ್ ನಿಲ್ಲಿಸಿದರು, ಈ ಚಡಪಡಿಕೆ ಇಳಿಸಲು ಪ್ರೊಪ್ರನೊಲಾಲ್ ದಿನಕ್ಕೆ ಎರಡು ಸಲ 20 ಮಿ.ಗ್ರಾಂ ಬರೆದರು. ಅದನ್ನು ಕೊಡುವ ಮೊದಲು ಉಬ್ಬಸ ಇದೆಯಾ ಎಂದು ಕೇಳಲೇಬೇಕು, ನಾಡಿ ಮತ್ತು ಬಿ.ಪಿ. ನೋಡಲೇಬೇಕು. ಅಕ್ಕನಿಗೆ ಉಬ್ಬಸ ಇರಲಿಲ್ಲ, ನಾಡಿ 96, ಬಿ.ಪಿ. 124/80.

ಎಂಟನೇ ದಿನ ನಾಲ್ಕು ನಿಮಿಷ ಕೂತರು. ಹತ್ತನೇ ದಿನ ಊಟ ಪೂರ್ತಿ ಕೂತೇ ಮಾಡಿದರು. ಹನ್ನೆರಡನೇ ದಿನ ಟವೆಲ್ಲಿನ ಒಂದು ಅಂಚಿನ ಅರ್ಧಕ್ಕೆ ಕುಚ್ಚು ಬಂತು. ನಾನು ಅದನ್ನೂ ನೋಟ್ಸ್‌ನಲ್ಲಿ ಬರೆದೆ, ನಾಡಿ ಬರೆದ ಹಾಗೇ.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಇದನ್ನು ಓದಿ ಯಾರೂ ಮಾತ್ರೆ ಕೆಟ್ಟದ್ದು ಎಂದುಕೊಳ್ಳಬೇಡಿ, ತಾವಾಗಿ ನಿಲ್ಲಿಸಲೂಬೇಡಿ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಮನೋರೋಗಿಗಳಿಗೆ ಇದೇ ಬಗೆಯ ಮೊದಲ ಔಷಧಿಯಾದ ಕ್ಲೋರ್‌ಪ್ರೊಮಜಿನ್ ಕೊಡಲು ಶುರು ಮಾಡುವ ಮೊದಲು ಅಕ್ಕನಂಥವರು ವರ್ಷಗಟ್ಟಲೆ, ಕೆಲವರು ಜೀವನಪೂರ್ತಿ, ಆಸ್ಪತ್ರೆ ಗೋಡೆಯೊಳಗೇ ಉಳಿಯುತ್ತಿದ್ದರು. ಅಕ್ಕನ ಧ್ವನಿ ಇಳಿಸಿದ್ದೂ ಮಾತ್ರೆಯೇ. ತಪ್ಪಿದ್ದು ಅಳತೆ ಮತ್ತು ವೇಗ. ಅದನ್ನು ಕಂಡುಹಿಡಿಯಲು ರೌಂಡ್ಸ್‌ನ ಐದು ನಿಮಿಷ ಸಾಲದು. ಎಂಟು ಗಂಟೆ ಪಕ್ಕದಲ್ಲಿರುವವರು ಬೇಕು, ಅವರು ನಾವು. ಅಮೆರಿಕದ ನರ್ಸ್ ಹಿಲ್ಡೆಗಾರ್ಡ್ ಪೆಪ್ಲೌ ಅದೇ 1952ರಲ್ಲಿ, ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವೇ ಆರೈಕೆಯ ತಿರುಳು ಎಂದು ಬರೆದರು. ಓದುವಾಗ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಇಂಥ ಟವೆಲ್ಲಿನ ಮುಂದೆ.

ಮನೆಯವರ ಜೊತೆ

ಹದಿಮೂರನೇ ದಿನ ಗಂಡ, ಅತ್ತೆ, ಅಕ್ಕ ಮೂವರನ್ನೂ ಕೂರಿಸಿಕೊಂಡೆ. ಗಂಡನಿಗೂ ನೋವಿತ್ತು. ಎರಡು ವಾರ ಆಟೋ ನಿಂತಿತ್ತು, ಸಾಲದ ಕಂತು ಬಾಕಿ ಬಿದ್ದಿತ್ತು. ಅದನ್ನು ಮೊದಲು ಕೇಳಿಸಿಕೊಂಡೆ. ಆಮೇಲೆ, ಹಠ ಎಂದು ನೀವು ಹೇಳುತ್ತಿದ್ದದ್ದು ಏನು ಎಂದು ಅಕ್ಕನ ಬಾಯಿಂದಲೇ ಹೇಳಿಸಿದೆ. ಗಂಡ ಬಹಳ ಹೊತ್ತು ಸುಮ್ಮನಿದ್ದರು. "ಹೇಳಿದ್ರೆ ಆಗ್ತಿತ್ತಲ್ಲೇ" ಅಂದರು. "ನೀವು ಕೇಳಿದ್ರಾ?" ಅಂದರು ಅಕ್ಕ.

ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಜೊತೆಗಾರರು ಹಿಂದೆಯೇ ಕಂಡುಕೊಂಡಿದ್ದರು: ಸದಾ ಟೀಕೆ, ಸಿಡುಕು ಇರುವ ಮನೆಗೆ ಹಿಂದಿರುಗಿದವರಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ. ನಾನು ಇದನ್ನು ಮನೆಯವರಿಗೆ ಪಾಠವಾಗಿ ಹೇಳುವುದಿಲ್ಲ. ಹೇಳಿದರೆ ನಿಮ್ಮಿಂದಲೇ ಕಾಯಿಲೆ ಬಂತು ಅಂದಂತೆ ಕೇಳಿಸುತ್ತದೆ, ಅದು ನಿಜವೂ ಅಲ್ಲ. ಒಂದು ವಾಕ್ಯ ಬದಲಿಸಿಕೊಳ್ಳಲು ಕೇಳುತ್ತೇನೆ, ಅಷ್ಟೇ. "ಮಾತ್ರೆ ನುಂಗಿದ್ಯಾ ಇಲ್ವಾ?" ಎಂಬ ಜಾಗಕ್ಕೆ "ಇವತ್ತು ಕಾಲು ಹೆಂಗಿದೆ?" ಗಂಡ ನಾಲ್ಕು ಸಲ ಹೇಳಿ ಅಭ್ಯಾಸ ಮಾಡಿದರು. ಮಾತ್ರೆ ಡಬ್ಬಿ ಅತ್ತೆಯ ಬಳಿ ಬೇಡ, ನನ್ನ ಬಳಿಯೇ ಇರಲಿ ಎಂದು ಅಕ್ಕ ಕೇಳಿದರು. ಎಲ್ಲರೂ ಒಪ್ಪಿದರು.

ಕಾಯಿಲೆ ಮತ್ತೆ ಬರುವಾಗ ಮೊದಲು ಕಾಣುವ ಗುರುತು ಏನು ಎಂದು ಕೇಳಿದೆ. ಉತ್ತರ ಅತ್ತೆಯಿಂದ ಬಂತು. "ಕಟ್ಟಿದ ಕುಚ್ಚು ಬಿಚ್ಚೋಕೆ ಶುರು ಮಾಡ್ತಾಳೆ. ಕಿಟಕಿ ಹಾಕ್ಬಿಡ್ತಾಳೆ. ಆಮೇಲೆ ನಿದ್ದೆ ಹೋಗುತ್ತೆ." ಮೂರು ಗುರುತನ್ನೂ ಗೋಡೆ ಕ್ಯಾಲೆಂಡರಿನ ಹಿಂದೆ ಬರೆಸಿದೆ. ಕೆಳಗೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416. ಅದು 2022ರ ಅಕ್ಟೋಬರಿನಲ್ಲಿ ಶುರುವಾದ ಉಚಿತ ಸೇವೆ, ಕನ್ನಡದಲ್ಲೇ ಮಾತಾಡಬಹುದು.

ತಿಂಗಳಿಗೊಂದು ದೀರ್ಘಾವಧಿ ಇಂಜೆಕ್ಷನ್ ಕೊಟ್ಟುಬಿಡೋಣ, ಮಾತ್ರೆ ತಾಪತ್ರಯವೇ ಬೇಡ ಎಂಬ ಮಾತೂ ಬಂತು. ಬಹಳ ಜನಕ್ಕೆ ಅದು ವರವೇ. ಆದರೆ ಮಾತ್ರೆಯಲ್ಲಿ ಕಾಲು ಕೆಟ್ಟರೆ ಮರುದಿನವೇ ಇಳಿಸಬಹುದು, ಮೈಗೆ ಹೋದ ಇಂಜೆಕ್ಷನ್ ವಾಪಸ್ ತೆಗೆಯಲಾಗದು. ಇದನ್ನು ಅಕ್ಕನ ಎದುರೇ ಡಾಕ್ಟರಿಗೆ ಹೇಳಿದೆ. ಅಕ್ಕ ರಾತ್ರಿ ಒಂದು ಹೊತ್ತಿನ ಮಾತ್ರೆ ಆರಿಸಿಕೊಂಡರು.

ಕಾಯ್ದೆಯಲ್ಲಿ ಮುಂಗಡ ನಿರ್ದೇಶನ ಎಂಬ ಅವಕಾಶ ಇದೆ. ಮುಂದೆ ತನಗೆ ತಿಳಿವು ತಪ್ಪಿದರೆ ಹೇಗೆ ಚಿಕಿತ್ಸೆ ಬೇಕು, ಹೇಗೆ ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ಮೊದಲೇ ಬರೆದಿಡಬಹುದು. ಅಕ್ಕ ಬರೆದ ಮೊದಲ ಸಾಲು: ನನ್ನ ಕೈ ಕಟ್ಟಬೇಡಿ. ಎರಡನೇ ಸಾಲು: ಓಡಾಡಿದರೆ ಮೊದಲು ನನ್ನ ಕಾಲು ಕೇಳಿ, ಆಮೇಲೆ ಸೂಜಿ. ಪ್ರತಿನಿಧಿಯ ಜಾಗದಲ್ಲಿ ಅತ್ತೆಯ ಹೆಸರು ಬರೆದರು, ವಿಷ ಹಾಕಿದರು ಎಂದು ಎರಡು ವಾರದ ಹಿಂದೆ ದೂರಿದ ಅದೇ ಅತ್ತೆಯದು.

ಎಂಟು ತಿಂಗಳು

ನಮ್ಮ ಆಸ್ಪತ್ರೆ ಅವರ ಊರಿನಿಂದ 40 ಕಿಲೋಮೀಟರ್. ಪ್ರತಿ ತಿಂಗಳು ಬಸ್ ಚಾರ್ಜು, ಒಂದು ದಿನದ ದುಡಿಮೆ ಹೋದರೆ ಯಾರು ತಾನೇ ಬರುತ್ತಾರೆ? 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದು ಇದನ್ನೇ: ಮನೋರೋಗದ ಔಷಧಿ ಊರಿನ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಸಿಗಬೇಕು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅಕ್ಕನನ್ನು ಅವರ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗೆ ಕಳಿಸಿದೆವು. ಬಿಡುಗಡೆ ಚೀಟಿಯ ತುದಿಯಲ್ಲಿ ಕೆಂಪು ಪೆನ್ನಿನಲ್ಲಿ ಬರೆದೆ: ಹಿಂದೆ ಅಕಥೀಸಿಯಾ ಆಗಿದೆ, ಡೋಸ್ ನಿಧಾನವಾಗಿ ಏರಿಸಿ.

ನಾಲ್ಕನೇ ತಿಂಗಳು ತವರಿನಲ್ಲಿ ತಿಥಿ ಕಾರ್ಯ. ಎರಡು ರಾತ್ರಿ ನಿದ್ದೆ ತಪ್ಪಿತು, ಕಿಟಕಿ ಮುಚ್ಚಿತು. ಗಂಡನೇ 14416ಕ್ಕೆ ಫೋನ್ ಮಾಡಿದರು, ಮಂಗಳವಾರಕ್ಕೆ ಕಾಯದೆ ಮರುದಿನವೇ ಕರೆದೊಯ್ದರು. ವಾರದಲ್ಲಿ ಸರಿಹೋಯಿತು. ವಾರ್ಡಿಗೆ ಬರಬೇಕಾಗಲಿಲ್ಲ.

ಧ್ವನಿ ಪೂರ್ತಿ ಹೋಗಿಲ್ಲ. ಸುಸ್ತಾದ ದಿನ ಪಕ್ಕದ ಬೀದಿಯ ರೇಡಿಯೋ ಥರ ಕೇಳಿಸುತ್ತದಂತೆ. ಆಗ ಗಂಟುಗಳನ್ನು ತಾವೇ ಜೋರಾಗಿ ಎಣಿಸುತ್ತಾರೆ.

ಎಂಟನೇ ತಿಂಗಳು ನಮ್ಮಲ್ಲಿಗೇ ಬಂದರು, ಪೂರ್ತಿ ತಪಾಸಣೆಗೆ. ತೂಕ ನೋಡಿದೆ, ಸಕ್ಕರೆ ಪರೀಕ್ಷೆಗೆ ರಕ್ತ ತೆಗೆದೆ. ಮುಟ್ಟಿನ ಬಗ್ಗೆ ಕೇಳಿದೆ. ಗಂಡು ಡಾಕ್ಟರ ಮುಂದೆ ಹೆಣ್ಣುಮಕ್ಕಳು ಇದನ್ನು ಹೇಳುವುದಿಲ್ಲ. ಮೂರು ತಿಂಗಳಿಂದ ಆಗಿಲ್ಲ ಅಂದರು, ಬಸುರಿಯೇನೋ ಅಂತ ಒಳಗೇ ಹೆದರಿದ್ದರು. ಪರೀಕ್ಷೆ ಮಾಡಿದೆವು, ಅಲ್ಲ. ರಿಸ್ಪೆರಿಡೋನ್ ಕೆಲವರಲ್ಲಿ ಪ್ರೊಲ್ಯಾಕ್ಟಿನ್ ಹಾರ್ಮೋನ್ ಏರಿಸಿ ಮುಟ್ಟು ನಿಲ್ಲಿಸುತ್ತದೆ. ಡಾಕ್ಟರು ಎರಡು ದಾರಿ ಹೇಳಿದರು: 3ರಿಂದ 2ಕ್ಕೆ ಇಳಿಸಿ ನೋಡುವುದು, ಇಲ್ಲವೇ ಬೇರೆ ಮಾತ್ರೆಗೆ ಬದಲಿಸುವುದು. ಎರಡರಲ್ಲೂ ಧ್ವನಿ ಮರಳುವ ಅಪಾಯ ಸ್ವಲ್ಪ ಇದೆ ಎಂದೂ ಹೇಳಿದರು.

ಅಕ್ಕ ಬೆರಳು ಮಡಿಸಿ ಲೆಕ್ಕ ಹಾಕಿದರು. "ಈಗ ಮದುವೆ ಸೀಸನ್ ಸರ್. ಹದಿನಾಲ್ಕು ಸೀರೆ ಒಪ್ಕೊಂಡಿದೀನಿ. ಕೆಟ್ರೆ ಕಷ್ಟ. ಆಷಾಢದಲ್ಲಿ ಇಳ್ಸೋಣ, ಆವಾಗ ಕೆಲಸ ಇರಲ್ಲ."

ಡಾಕ್ಟರು ನನ್ನ ಕಡೆ ನೋಡಿದರು. ನಾನು ತಲೆ ಆಡಿಸಿದೆ. ಚೀಟಿಯಲ್ಲಿ ಹಾಗೇ ಬರೆದರು: ಆಷಾಢದಲ್ಲಿ 2 ಮಿ.ಗ್ರಾಂ.